ಅಮೆರಿಕದ ಸರಕು ಬಿಟ್ಟು ಮನೆ ನಡೆಸುವುದು ಹೇಗೆ: ಕೆನಡಾದಲ್ಲಿ ಕಪಾಟು ತುಂಬಿಸುವವಳ ಕಿವಿಮಾತು

ಒಂಟಾರಿಯೊ ಪ್ರಾಂತ್ಯದ ಮಿಸ್ಸಿಸಾಗಾದ ಒಂದು ದೊಡ್ಡ ದಿನಸಿ ಅಂಗಡಿಯಲ್ಲಿ ಕಪಾಟು ತುಂಬಿಸುವುದು ನನ್ನ ಕೆಲಸ. ಊರು ತೀರ್ಥಹಳ್ಳಿ. ಮೊದಲೆಲ್ಲ ಗಿರಾಕಿಗಳು ನನ್ನನ್ನು ತಡೆದು "ಮೊಸರು ಯಾವ ಸಾಲಿನಲ್ಲಿದೆ?" ಎಂದು ಕೇಳುತ್ತಿದ್ದರು. ಅಮೆರಿಕ ಕೆನಡಾದ ಸರಕಿಗೆ ಸುಂಕ ಘೋಷಿಸಿದ 2025ರ ಫೆಬ್ರವರಿಯಿಂದೀಚೆಗೆ ಅದೇ ಜನ ಡಬ್ಬಿಯನ್ನು ಕೈಯಲ್ಲಿ ಹಿಡಿದು "ಇದು ಎಲ್ಲಿಯದು?" ಎಂದು ಕೇಳತೊಡಗಿದರು. ಇಲ್ಲಿನ ಕನ್ನಡದ ಮನೆಗಳಿಂದಲೂ ಅದೇ ಪ್ರಶ್ನೆ: ಯಾವುದನ್ನು ಬಿಡಬೇಕು, ಬದಲಿಗೆ ಏನು ತರಬೇಕು, ನ್ಯೂಜೆರ್ಸಿಯ ತಂಗಿ ಮನೆಗೆ ಹೋಗಬಹುದೋ ಬಾರದೋ? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಸಿಟ್ಟು ಯಾವುದರ ಮೇಲೆ ಎಂಬುದು ಮೊದಲು ಗೊತ್ತಿರಲಿ

ಸುಂಕದ ಲೆಕ್ಕಕ್ಕಷ್ಟೇ ಇಷ್ಟೊಂದು ಜನ ಲೇಬಲ್ ಓದಲು ಕೂರುತ್ತಿರಲಿಲ್ಲ. 2024ರಲ್ಲಿ ಕೆನಡಾದ ರಫ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕಕ್ಕೇ ಹೋಗಿತ್ತು, ಹಾಗಾಗಿ ಈ ಎರಡು ದೇಶಗಳ ನಡುವೆ ವ್ಯಾಪಾರದ ಜಗಳ ಆಗಾಗ ಆಗುತ್ತಲೇ ಬಂದಿದೆ. ಈ ಸಲದ ನೋವು ಬೇರೆ. 2018ರಲ್ಲಿ ಟ್ರಂಪ್ ತಾವೇ ಸಹಿ ಹಾಕಿದ, 2020ರ ಜುಲೈ 1ರಂದು ಜಾರಿಗೆ ಬಂದ ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ಮುಕ್ತ ವ್ಯಾಪಾರ ಒಪ್ಪಂದ ಇದ್ದಾಗಲೇ, 2025ರ ಫೆಬ್ರವರಿ 1ರಂದು ಕೆನಡಾದ ಬಹುಪಾಲು ಸರಕಿಗೆ ಶೇ. 25 ಸುಂಕ ಘೋಷಿಸಿದರು. ಒಂದು ತಿಂಗಳು ಮುಂದೂಡಿ ಮಾರ್ಚ್ 4ಕ್ಕೆ ಜಾರಿ ಮಾಡಿದರು, ಎರಡೇ ದಿನದಲ್ಲಿ ಒಪ್ಪಂದದ ವ್ಯಾಪ್ತಿಯ ಸರಕಿಗೆ ವಿನಾಯಿತಿ ಕೊಟ್ಟರು, ಆಮೇಲೆ ಉಕ್ಕು, ಅಲ್ಯೂಮಿನಿಯಂ, ಕಾರುಗಳ ಮೇಲೆ ಬೇರೆ ಸುಂಕ ಹೇರಿದರು. ಅದರ ಜೊತೆಗೆ, ಕೆನಡಾ ಅಮೆರಿಕದ 51ನೇ ರಾಜ್ಯವಾಗಲಿ ಎಂಬ ಮಾತು, ಆಗಿನ ಪ್ರಧಾನಿ ಟ್ರೂಡೋ ಅವರನ್ನು "ಗವರ್ನರ್" ಎಂದು ಕರೆದದ್ದು. ನನ್ನ ಜೊತೆ ಕೆಲಸ ಮಾಡುವ ಹಿರಿಯ ಹೆಂಗಸರೊಬ್ಬರಿಗೆ ಸುಂಕದ ವಿಷಯ ಅಷ್ಟಾಗಿ ತಟ್ಟಿರಲಿಲ್ಲ. ಈ ಮಾತು ಕೇಳಿದ ದಿನ ಅವರು ಊಟದ ಕೋಣೆಯಲ್ಲಿ ಅತ್ತುಬಿಟ್ಟರು.

ಅವರ ಕಣ್ಣೀರಿನ ಹಿಂದೆ ಒಂದು ಇತಿಹಾಸ ಇದೆ. 1980ರ ಜನವರಿಯಲ್ಲಿ, ಟೆಹರಾನಿನಲ್ಲಿ ಅಡಗಿದ್ದ ಆರು ಮಂದಿ ಅಮೆರಿಕನ್ ರಾಜತಾಂತ್ರಿಕರನ್ನು ಕೆನಡಾದ ರಾಯಭಾರಿ ಕೆನ್ ಟೇಲರ್ ಮತ್ತು ಅವರ ಸಹೋದ್ಯೋಗಿಗಳು ಜೀವ ಪಣಕ್ಕಿಟ್ಟು ಕಾಪಾಡಿ, ಕೆನಡಾದ ಪಾಸ್‌ಪೋರ್ಟ್ ಕೊಟ್ಟು ದೇಶ ದಾಟಿಸಿದರು. 2001ರ ಸೆಪ್ಟೆಂಬರ್ 11ರಂದು ಅಮೆರಿಕ ತನ್ನ ಆಕಾಶವನ್ನು ಮುಚ್ಚಿದಾಗ ನ್ಯೂಫೌಂಡ್‌ಲ್ಯಾಂಡಿನ ಗ್ಯಾಂಡರ್ ಎಂಬ ಪುಟ್ಟ ಊರಿನಲ್ಲಿ 38 ವಿಮಾನಗಳು ಇಳಿದವು. ಹತ್ತು ಸಾವಿರದಷ್ಟು ಜನರಿದ್ದ ಊರು ಆರೂವರೆ ಸಾವಿರಕ್ಕೂ ಹೆಚ್ಚು ಅಪರಿಚಿತರಿಗೆ ಶಾಲೆ, ಚರ್ಚು, ಮನೆಗಳ ಬಾಗಿಲು ತೆರೆದು ಊಟ, ಹಾಸಿಗೆ ಕೊಟ್ಟಿತು. ಅದರ ಹಿಂದೆಯೇ ಬಂದ ಅಫ್ಘಾನಿಸ್ತಾನದ ಯುದ್ಧದಲ್ಲಿ ಕೆನಡಾದ 158 ಸೈನಿಕರು ಸತ್ತರು. ಇಷ್ಟು ಮಾಡಿದವರಿಗೆ "ನೀವೊಂದು ದೇಶವೇ ಅಲ್ಲ" ಎಂದರೆ ಹೇಗಾಗಬೇಕು? ಉಂಡ ಮನೆಗೆ ಎರಡು ಬಗೆಯುವುದು ಎಂದು ನಮ್ಮೂರಿನ ಕಡೆ ಹೇಳುವುದು ಇದಕ್ಕೇ.

ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣ ಇದೆ. ನಿಮ್ಮ ಸಿಟ್ಟು ಅಲ್ಲಿನ ಸರ್ಕಾರದ ಮಾತು ಮತ್ತು ನಡತೆಯ ಮೇಲೆ ಇದೆ ಎಂದಾದರೆ ಬಹಿಷ್ಕಾರವೂ ಅದಕ್ಕೆ ತಕ್ಕ ಹಾಗಿರಬೇಕು: ಇಲ್ಲಿನ ಕೆಲಸ ಉಳಿಯಬೇಕು, ಅಲ್ಲಿನ ಮಾರಾಟಗಾರರಿಗೆ ನಷ್ಟ ತಟ್ಟಬೇಕು, ನಡುವೆ ಸಿಕ್ಕ ಬಡಪಾಯಿಗಳಿಗೆ ಏಟು ಬೀಳಬಾರದು.

ಮೂರು ಪ್ರಶ್ನೆ, ಅದೇ ಕ್ರಮದಲ್ಲಿ

ಯಾವ ವಸ್ತು ಎತ್ತಿಕೊಂಡರೂ ಮೂರು ಪ್ರಶ್ನೆ ಕೇಳಿ. ಬೆಳೆದದ್ದು ಎಲ್ಲಿ? ತಯಾರಾದದ್ದು ಎಲ್ಲಿ? ಕಂಪನಿ ಯಾರದ್ದು? ಎಷ್ಟೋ ಜನ ಮೂರನೆಯದರಿಂದ ಶುರು ಮಾಡಿ, ಎಲ್ಲವೂ ಎಲ್ಲೋ ಒಂದು ಕಡೆ ಅಮೆರಿಕಕ್ಕೆ ಸೇರುತ್ತದೆ ಎಂದು ಕಂಡು, ಕೈಚೆಲ್ಲಿಬಿಡುತ್ತಾರೆ. ನಾನು ಮೊದಲ ಎರಡಕ್ಕೇ ಹೆಚ್ಚು ತೂಕ ಕೊಡುತ್ತೇನೆ, ಯಾಕೆಂದರೆ ಹೊಲ ಮತ್ತು ಕಾರ್ಖಾನೆ ಇರುವಲ್ಲಿ ಸಂಬಳ ಸಿಗುತ್ತದೆ.

ಟೊಮ್ಯಾಟೊ ಕೆಚಪ್‌ನ ಕಥೆ ಕೇಳಿ. ಒಂಟಾರಿಯೊದ ಲೆಮಿಂಗ್ಟನ್‌ನಲ್ಲಿ 1909ರಿಂದ ಇದ್ದ ಹೈನ್ಜ್ ಕಾರ್ಖಾನೆಯನ್ನು ಕಂಪನಿ 2014ರಲ್ಲಿ ಮುಚ್ಚಿತು, ಸುಮಾರು 740 ಜನರ ಕೆಲಸ ಹೋಯಿತು. ಸ್ಥಳೀಯರು ಹೂಡಿಕೆ ಮಾಡಿ ಅದೇ ಕಟ್ಟಡದಲ್ಲಿ ಮತ್ತೆ ಟೊಮ್ಯಾಟೊ ಸಂಸ್ಕರಣೆ ಶುರು ಮಾಡಿದರು. ಫ್ರೆಂಚ್ಸ್ ಎಂಬ ಬ್ರ್ಯಾಂಡ್ ಅಲ್ಲಿನ ಟೊಮ್ಯಾಟೊ ಬಳಸುತ್ತದೆ ಎಂದು ಗೊತ್ತಾದಾಗ ಜನ ಅದನ್ನೇ ಹುಡುಕಿ ಕೊಂಡರು. 2016ರಲ್ಲಿ ಲೋಬ್ಲಾ ಅಂಗಡಿಗಳು ಅದನ್ನು ಕಪಾಟಿನಿಂದ ತೆಗೆಯಲು ಹೊರಟಾಗ ಎದ್ದ ಗದ್ದಲಕ್ಕೆ ಮಣಿದು ಮತ್ತೆ ಇಟ್ಟವು. 2018ರಲ್ಲಿ ಅಮೆರಿಕ ಉಕ್ಕಿನ ಮೇಲೆ ಸುಂಕ ಹಾಕಿದಾಗ ಕೆನಡಾದ ಪ್ರತಿಸುಂಕದ ಪಟ್ಟಿಯಲ್ಲೂ ಕೆಚಪ್ ಇತ್ತು. ಅಷ್ಟರೊಳಗೆ, 2017ರಲ್ಲಿ, ಫ್ರೆಂಚ್ಸ್ ಅನ್ನು ಅಮೆರಿಕದ ಮೇರಿಲ್ಯಾಂಡಿನ ಮೆಕಾರ್ಮಿಕ್ ಕಂಪನಿ ಕೊಂಡಿತ್ತು. ಇತ್ತ ಹೈನ್ಜ್ 2020ರಲ್ಲಿ, ಕೆಚಪ್ ತಯಾರಿಕೆಯನ್ನು ಕ್ವಿಬೆಕ್‌ನ ತನ್ನ ಕಾರ್ಖಾನೆಗೆ ಮರಳಿ ತರುವುದಾಗಿ ಪ್ರಕಟಿಸಿತು. ಎರಡೂ ಬಾಟಲಿಯ ಲಾಭ ಗಡಿಯಾಚೆಗೆ ಹೋಗುತ್ತದೆ, ಎರಡರಲ್ಲೂ ಇಲ್ಲಿನವರ ದುಡಿಮೆ ಇದೆ. ಇನ್ನು ಯಾವುದನ್ನು ಕೊಳ್ಳುವುದು? ಇಲ್ಲಿನ ಹೊಲದಿಂದ ಬಂದ ಟೊಮ್ಯಾಟೊ ಯಾವುದರಲ್ಲಿದೆಯೋ ಅದನ್ನು ನಾನು ಎತ್ತಿಕೊಳ್ಳುತ್ತೇನೆ. ಪೂರ್ತಿ ಕೆನಡಾದವರದೇ ಆದ ಸಣ್ಣ ಬ್ರ್ಯಾಂಡ್ ಸಿಕ್ಕಿ, ಜೇಬಿಗೂ ಒಗ್ಗಿದರೆ ಅದಕ್ಕೆ ಮೊದಲ ಸ್ಥಾನ.

ಲೇಬಲ್ ಓದುವ ಬಗೆ

ಡಬ್ಬಿಯ ಮುಂಭಾಗ ನೋಡಬೇಡಿ, ತಿರುಗಿಸಿ. ನಾನು ಕಪಾಟಿಗೆ ಇಡುವ ಕಾಬೂಲಿ ಕಡಲೆಯ ಒಂದು ಬಗೆಯ ಡಬ್ಬಿಯ ಮುಂದೆ ಕೆಂಪು ಮೇಪಲ್ ಎಲೆ ಇದೆ. ಹಿಂದೆ ಸಣ್ಣ ಅಕ್ಷರದಲ್ಲಿ ಒಂಟಾರಿಯೊದ ವಿಳಾಸ ಇದೆ, ಆ ವಿಳಾಸದ ಮೇಲೆ "ಇಂಪೋರ್ಟೆಡ್ ಫಾರ್" ಎಂದಿದೆ. ಅದರ ಕೆಳಗೆ ಇನ್ನೂ ಸಣ್ಣದಾಗಿ, ತಯಾರಿಕೆಯ ತಾರೀಖಿನ ಹತ್ತಿರ, "ಪ್ರಾಡಕ್ಟ್ ಆಫ್ ಯುಎಸ್ಎ". ಎಲೆ ಮತ್ತು ವಿಳಾಸ ನೋಡಿ ಬುಟ್ಟಿಗೆ ಹಾಕಿಕೊಂಡವರು ಮೋಸ ಹೋಗುತ್ತಾರೆ. ಸಸ್ಕಾಚೆವನ್‌ನಲ್ಲಿ ಕಡಲೆ ಬೆಳೆಯುವ ದೇಶದಲ್ಲಿ ಇದು ನನಗೆ ಬಹಳ ಬೇಸರ ತರುತ್ತದೆ.

ನೆಚ್ಚಬಹುದಾದ ಮಾತು "ಪ್ರಾಡಕ್ಟ್ ಆಫ್ ಕೆನಡಾ". ಆಹಾರದ ಮೇಲೆ ಹೀಗೆ ಬರೆಯಬೇಕಾದರೆ ಮುಖ್ಯ ಪದಾರ್ಥ, ಸಂಸ್ಕರಣೆ, ದುಡಿಮೆ ಎಲ್ಲವೂ ಹೆಚ್ಚೂಕಡಿಮೆ ಪೂರ್ತಿ ಇಲ್ಲಿಯದೇ ಆಗಿರಬೇಕು. ಹೊರಗಿನ ಪದಾರ್ಥ ಶೇ. 2ಕ್ಕಿಂತ ಕಡಿಮೆ ಇರಬೇಕು. "ಮೇಡ್ ಇನ್ ಕೆನಡಾ" ಎಂದಿದ್ದರೆ ಕೊನೆಯ ಮುಖ್ಯ ತಯಾರಿಕೆ ಇಲ್ಲಾಗಿದೆ ಎಂದರ್ಥ. ಅದರ ಪಕ್ಕದಲ್ಲೇ ಆಮದು ಪದಾರ್ಥಗಳಿಂದಲೋ, ದೇಶೀ ಮತ್ತು ಆಮದು ಎರಡರಿಂದಲೋ ಎಂಬ ವಿವರಣೆ ಇರಬೇಕು. ಅದನ್ನು ತಪ್ಪದೆ ಓದಿ. ಬಟ್ಟೆ, ಸೋಪು, ಪಾತ್ರೆಯಂಥ ವಸ್ತುಗಳಲ್ಲಿ ಖರ್ಚಿನ ಲೆಕ್ಕ ನಡೆಯುತ್ತದೆ: ತಯಾರಿಕೆಯ ನೇರ ಖರ್ಚಿನಲ್ಲಿ ಕನಿಷ್ಠ ಶೇ. 98 ಇಲ್ಲಾಗಿದ್ದರೆ "ಪ್ರಾಡಕ್ಟ್ ಆಫ್ ಕೆನಡಾ", ಕನಿಷ್ಠ ಶೇ. 51 ಆಗಿದ್ದರೆ "ಮೇಡ್ ಇನ್ ಕೆನಡಾ".

"ಕೆನಡಾ ಗ್ರೇಡ್ ಎ" ಎಂಬುದು ಗುಣಮಟ್ಟದ ಮಾತು, ಮೂಲದ ಮಾತಲ್ಲ. ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಬರೆದಿದೆ, ಹಾಗಾಗಿ ಇಲ್ಲಿಯದೇ ಎಂದುಕೊಳ್ಳಬೇಡಿ. ಇಲ್ಲಿ ಮಾರಬೇಕಾದರೆ ಅಮೆರಿಕದ ಡಬ್ಬಿಯ ಮೇಲೂ ಎರಡು ಭಾಷೆ ಬೇಕು. ಬಾರ್‌ಕೋಡ್‌ನ ಮೊದಲ ಅಂಕಿಗಳನ್ನು ನೋಡಿ ದೇಶ ಹೇಳುವ ಸಂದೇಶವೊಂದು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇದೆ. ಅದನ್ನು ಅಳಿಸಿಬಿಡಿ. ಆ ಅಂಕಿಗಳು ಕಂಪನಿ ಎಲ್ಲಿ ನೋಂದಾಯಿಸಿಕೊಂಡಿತು ಎಂದು ತಿಳಿಸುತ್ತವೆಯೇ ಹೊರತು ಸರಕು ಎಲ್ಲಿ ತಯಾರಾಯಿತು ಎಂದು ತಿಳಿಸುವುದಿಲ್ಲ. ಹಣ್ಣಿನ ಸ್ಟಿಕ್ಕರಿನ ನಾಲ್ಕಂಕಿಯ ಸಂಖ್ಯೆಯೂ ತಳಿ ಮತ್ತು ಗಾತ್ರದ್ದು. ದೇಶದ ಹೆಸರು ಅದೇ ಸ್ಟಿಕ್ಕರಿನ ಅಂಚಿನಲ್ಲಿರುತ್ತದೆ.

ತಾಜಾ ತರಕಾರಿಯ ವಿಷಯದಲ್ಲಿ ಒಳಗಿನವಳಾಗಿ ಒಂದು ಮಾತು. ಬೆಲೆಯ ಫಲಕದ ಮೇಲಿನ ದೇಶದ ಹೆಸರಿಗಿಂತ ಪೆಟ್ಟಿಗೆ, ಪೊಟ್ಟಣ, ಸ್ಟಿಕ್ಕರಿನ ಮೇಲಿನ ಹೆಸರನ್ನು ನಂಬಿ. ಬೆಳಗ್ಗೆ ಒಂಟಾರಿಯೊ ಸೌತೆ ಮುಗಿದು ಮಧ್ಯಾಹ್ನ ಬೇರೆ ಕಡೆಯ ಪೆಟ್ಟಿಗೆ ಬಂದಾಗ ಕಾಯಿ ಮೊದಲು ತುಂಬುತ್ತೇವೆ, ಫಲಕ ಆಮೇಲೆ ಬದಲಾಗುತ್ತದೆ. ಮೋಸ ಮಾಡುವ ಉದ್ದೇಶ ಪ್ರತಿ ಸಲವೂ ಇರುವುದಿಲ್ಲ, ಆದರೂ ತಪ್ಪು ತಪ್ಪೇ. ಕಂಡರೆ ಅಂಗಡಿಯ ಮ್ಯಾನೇಜರ್‌ಗೆ ಹೇಳಿ. ಮತ್ತೆ ಮತ್ತೆ ಆದರೆ ಕೆನಡಾದ ಆಹಾರ ತಪಾಸಣಾ ಸಂಸ್ಥೆಗೆ ಫೋಟೊ ಸಮೇತ ದೂರು ಕೊಡಿ. ಕೆಲವು ಅಂಗಡಿಗಳು ಪ್ರತಿಸುಂಕ ಬಿದ್ದ ಸರಕಿಗೆ "ಟಿ" (ಟ್ಯಾರಿಫ್, ಅಂದರೆ ಸುಂಕ) ಗುರುತು ಹಚ್ಚಿದ್ದವು. ಒಪ್ಪಂದಕ್ಕೊಳಪಟ್ಟ ಅಮೆರಿಕದ ಸರಕಿನ ಮೇಲಿನ ಬಹುಪಾಲು ಪ್ರತಿಸುಂಕವನ್ನು ಕೆನಡಾ 2025ರ ಸೆಪ್ಟೆಂಬರ್ 1ರಿಂದ ತೆಗೆದದ್ದರಿಂದ ಆ ಗುರುತನ್ನು ನೆಚ್ಚಿಕೊಂಡು ಕೂರಬೇಡಿ.

ನಮ್ಮ ಅಡುಗೆಮನೆ

ನಮ್ಮವರು ಈ ಬಹಿಷ್ಕಾರವನ್ನು ಬೇರೆಯವರಿಗಿಂತ ಸುಲಭವಾಗಿ ಮಾಡಬಹುದು. ಮಸೂರ ಬೇಳೆ ರಫ್ತು ಮಾಡುವುದರಲ್ಲಿ ಕೆನಡಾ ಜಗತ್ತಿಗೇ ಮೊದಲು, ಅದರಲ್ಲಿ ಸಸ್ಕಾಚೆವನ್‌ನದು ಸಿಂಹಪಾಲು. ಭಾರತಕ್ಕೂ ಅಲ್ಲಿಂದ ಹೋಗುತ್ತದೆ. ವಾರದಲ್ಲಿ ಒಂದೆರಡು ದಿನ ತೊಗರಿ ಬದಲು ಮಸೂರಿನಲ್ಲಿ ಸಾರು ಮಾಡಿ, ಬೇಗ ಬೇಯುತ್ತದೆ. (ತೊಗರಿ ಬೇಳೆ ಭಾರತ, ಮ್ಯಾನ್ಮಾರ್, ಆಫ್ರಿಕಾ ಕಡೆಯದು, ಅದರಿಂದಲೂ ತೊಂದರೆ ಇಲ್ಲ.) ಸಾಸಿವೆಯನ್ನು ಸಸ್ಕಾಚೆವನ್ ರಾಶಿ ರಾಶಿ ಬೆಳೆಯುತ್ತದೆ. ಒಗ್ಗರಣೆಗೆ ಕನೋಲಾ ಎಣ್ಣೆ ಇದೆ: ಆ ಬೆಳೆಯನ್ನು 1970ರ ದಶಕದಲ್ಲಿ ಇಲ್ಲಿನ ವಿಜ್ಞಾನಿಗಳಾದ ಬಾಲ್ಡರ್ ಸ್ಟೆಫಾನ್ಸನ್ ಮತ್ತು ಕೀತ್ ಡೌನಿ ರೂಪಿಸಿದರು. ಭಾರತೀಯ ಹೆಸರಿನ ಗೋಧಿ ಹಿಟ್ಟಿನ ಚೀಲಗಳಲ್ಲಿ ಎಷ್ಟೋ ಇಲ್ಲಿನ ಗೋಧಿಯಿಂದ ಇಲ್ಲೇ ಬೀಸಿದವು, ಚೀಲದ ಹಿಂದೆ ಓದಿ ನೋಡಿ. ಹಾಲು, ಮೊಟ್ಟೆ, ಕೋಳಿಗೆ ಸರ್ಕಾರದ ಪೂರೈಕೆ ನಿಯಂತ್ರಣ ಇರುವುದರಿಂದ ಅವು ಬಹುಪಾಲು ಇಲ್ಲಿಯವೇ. ಮೊಸರು, ಬೆಣ್ಣೆ, ತುಪ್ಪದ ಮೇಲೆ ನೀಲಿ ಹಸುವಿನ ಗುರುತು ಇದ್ದರೆ ಹಾಲು ಪೂರ್ತಿ ಕೆನಡಾದ್ದು.

ಕಷ್ಟವಾಗುವುದು ಬಾದಾಮಿಯಲ್ಲಿ. ಜಗತ್ತಿನ ಬಾದಾಮಿಯಲ್ಲಿ ಸುಮಾರು ಮುಕ್ಕಾಲರಷ್ಟು ಕ್ಯಾಲಿಫೋರ್ನಿಯಾದ್ದೇ. ಸ್ಪೇನಿನದು ಸಿಕ್ಕರೆ ತನ್ನಿ, ಇಲ್ಲದಿದ್ದರೆ ಹಬ್ಬಕ್ಕೆ ಗೋಡಂಬಿ ಬರ್ಫಿ ಮಾಡಿ. ನಮ್ಮ ಮನೆಯಲ್ಲಿ ಯುಗಾದಿಗೂ ದೀಪಾವಳಿಗೂ ಅದೇ ಆಯಿತು, ಮಕ್ಕಳು ದೂರಲಿಲ್ಲ. ಒಣದ್ರಾಕ್ಷಿಗೆ ಟರ್ಕಿಯದು, ದಕ್ಷಿಣ ಆಫ್ರಿಕಾದ್ದು ಇದೆ. ಶೇಂಗಾ ಭಾರತೀಯ ಅಂಗಡಿಯಲ್ಲಿ ನಮ್ಮ ದೇಶದ್ದೇ ಸಿಗುತ್ತದೆ. ಒಂಟಾರಿಯೊದ ನಾರ್ಫೋಕ್ ಕಡೆ, ಹೊಗೆಸೊಪ್ಪು ಬೆಳೆಯುತ್ತಿದ್ದ ಮರಳುಮಣ್ಣಿನಲ್ಲಿ, ಸ್ವಲ್ಪ ಶೇಂಗಾ ಬೆಳೆಯುತ್ತಾರೆ. ಬೆಲೆ ಜಾಸ್ತಿ, ಒಮ್ಮೆ ತಿಂದು ನೋಡಿ. ಕಿತ್ತಳೆ, ನಿಂಬೆಗೆ ಸ್ಪೇನ್, ಮೊರಾಕ್ಕೊ, ದಕ್ಷಿಣ ಆಫ್ರಿಕಾ. ಕಾಫಿಗೆ ಬದಲಿ ಹುಡುಕುವ ಅಗತ್ಯವೇ ನಮಗಿಲ್ಲ. ಊರಿಂದ ಬಂದವರ ಸೂಟ್‌ಕೇಸಿನಲ್ಲಿ ಚಿಕ್ಕಮಗಳೂರಿನ ಪುಡಿ ಇದ್ದೇ ಇರುತ್ತದೆ.

ಚಳಿಗಾಲದ ಮೂರು ತಿಂಗಳು ನಿಜವಾದ ಪರೀಕ್ಷೆ. ಸೊಪ್ಪು, ಹೂಕೋಸು, ಬ್ರೊಕೊಲಿ ಎಲ್ಲ ಕ್ಯಾಲಿಫೋರ್ನಿಯಾ, ಅರಿಜೋನಾದಿಂದ ಬರುವ ಕಾಲ. ಆಗ ಉಗ್ರಾಣದಲ್ಲಿ ಉಳಿಯುವ ಒಂಟಾರಿಯೊ ತರಕಾರಿಗೆ ಬನ್ನಿ: ಎಲೆಕೋಸಿನ ಪಲ್ಯ, ಬೀಟ್‌ರೂಟ್ ಸಾಸಿವೆ, ಕ್ಯಾರೆಟ್ ಕೋಸಂಬರಿ, ಇಲ್ಲಿನ ಹಾಲೆಂಡ್ ಮಾರ್ಷ್ ಬಯಲಿನ ಈರುಳ್ಳಿಯ ಗೊಜ್ಜು. ಟರ್ನಿಪ್ ಸಾಂಬಾರಿಗೆ ಹಾಕಿ, ಮೂಲಂಗಿಯ ಹತ್ತಿರ ಹತ್ತಿರ ಬರುತ್ತದೆ. ಟೊಮ್ಯಾಟೊ, ಸೌತೆ, ದೊಣ್ಣೆಮೆಣಸು ಲೆಮಿಂಗ್ಟನ್‌ನ ಹಸಿರುಮನೆಗಳಲ್ಲಿ ವರ್ಷದ ಬಹುಕಾಲ ಬೆಳೆಯುತ್ತವೆ. ಬೆಂಡೆ, ಹೀರೆ ಬೇಕೇ ಬೇಕೆಂದರೆ ಮೆಕ್ಸಿಕೊ, ಡೊಮಿನಿಕನ್ ಗಣರಾಜ್ಯದ್ದು ನೋಡಿ. ಕಂದಮ್ಮಗಳಿಗೆ, ಕಾಯಿಲೆಯವರಿಗೆ, ಬಸುರಿಯರಿಗೆ ಬೇಕಾದ ಪದಾರ್ಥ ಅಮೆರಿಕದ್ದೊಂದೇ ಸಿಕ್ಕಿದರೆ ಕೊಂಡುಬಿಡಿ, ಅಲ್ಲಿ ಲೆಕ್ಕ ಹಾಕುತ್ತ ನಿಲ್ಲಬೇಡಿ. ಔಷಧಿಯನ್ನಂತೂ ಈ ಪಟ್ಟಿಯ ಹತ್ತಿರಕ್ಕೂ ತರಬಾರದು.

ಮದ್ಯದ ವಿಷಯ ಒಂಟಾರಿಯೊದಲ್ಲಿ ನಮ್ಮ ಕೈಯಲ್ಲಿಲ್ಲ. ಪ್ರಾಂತ್ಯ ಸರ್ಕಾರದ ಮದ್ಯ ಮಂಡಳಿ 2025ರ ಮಾರ್ಚ್ 4ರಂದು ಅಮೆರಿಕದ ಎಲ್ಲ ಬಾಟಲಿಗಳನ್ನೂ ಕಪಾಟಿನಿಂದ ತೆಗೆಯಿತು. ಆಲ್ಬರ್ಟಾ, ಸಸ್ಕಾಚೆವನ್ ಅದೇ ವರ್ಷ ಜೂನ್‌ನಲ್ಲಿ ಮತ್ತೆ ತರಿಸಿದವು. ಅಲ್ಲಿರುವವರು ತಾವೇ ಆರಿಸಿಕೊಳ್ಳಬೇಕು.

ಮಾಡಬಾರದ್ದು

ಅಮೆರಿಕದ ಡಬ್ಬಿಗಳನ್ನು ಕಪಾಟಿನಲ್ಲಿ ತಲೆಕೆಳಗಾಗಿ ಇಡುವ ಪ್ರತಿಭಟನೆಯೊಂದು ಇಲ್ಲಿ ನಡೆಯಿತು. ದಯವಿಟ್ಟು ಮಾಡಬೇಡಿ. ಅದನ್ನು ಮತ್ತೆ ನೆಟ್ಟಗೆ ಮಾಡಲು ಬಗ್ಗುವುದು ರಾತ್ರಿ ಪಾಳಿಯ ನಮ್ಮಂಥವರ ಬೆನ್ನು. ಕಪಾಟಿನಲ್ಲೇ ಉಳಿದುಹೋದ ಡಬ್ಬಿ ತಿಂಗಳ ಲೆಕ್ಕದಲ್ಲಿ ತಾನಾಗಿ ಕಾಣುತ್ತದೆ, ಮುಂದಿನ ಆರ್ಡರ್ ಕಡಿಮೆಯಾಗುತ್ತದೆ. ಮಾರಾಟ ಕುಸಿದರೆ ಅಂಗಡಿಯವರು ಬೇರೆ ಕಡೆಯ ಸರಕಿಗೆ ಜಾಗ ಕೊಡುವುದನ್ನು ಕಣ್ಣಾರೆ ಕಂಡಿದ್ದೇನೆ. ಬೇಕಾದದ್ದು ಇಲ್ಲದಿದ್ದರೆ ಮ್ಯಾನೇಜರ್ ಹತ್ತಿರ ಬ್ರ್ಯಾಂಡಿನ ಹೆಸರು ಹೇಳಿ ಕೇಳಿ. ಅದು ಬರೆದುಕೊಳ್ಳುವ ಮಾತು.

ಕ್ಯಾಷಿಯರ್ ಮೇಲೆ ರೇಗಬೇಡಿ. ಅಮೆರಿಕದ ನಂಬರ್ ಪ್ಲೇಟ್ ಇರುವ ಕಾರಿನವರನ್ನು ದುರುಗುಟ್ಟಬೇಡಿ, ಇಷ್ಟೆಲ್ಲ ಆದರೂ ಇಲ್ಲಿಗೆ ಬಂದವರು ಅವರು. ಇನ್ನೊಬ್ಬರ ಬುಟ್ಟಿಯೊಳಗೆ ಇಣುಕಬೇಡಿ. ನಾಲ್ಕು ಮಕ್ಕಳ ತಾಯಿ ಅಗ್ಗದ ಸೇಬು ಕೊಂಡರೆ ಅವಳನ್ನು ದೇಶದ್ರೋಹಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಐಸ್ ಹಾಕಿ ಪಂದ್ಯದಲ್ಲಿ ಅಮೆರಿಕದ ರಾಷ್ಟ್ರಗೀತೆಗೆ ಜನ ಕೂಗು ಹಾಕಿದ್ದನ್ನು ನೋಡಿದ್ದೀರಿ. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೂ ನನ್ನ ಮಕ್ಕಳಿಗೆ ಎದ್ದು ಸುಮ್ಮನೆ ನಿಲ್ಲಲು ಹೇಳಿದ್ದೇನೆ.

ಗಡಿಯಾಚೆಯ ಬಂಧುಗಳು

ಹೆಚ್ಚು ಜನ ಕೇಳಿದ್ದು, ಕೇಳುವಾಗ ದನಿ ತಗ್ಗಿಸಿದ್ದು ಇದನ್ನೇ. ಕಾರಿನಲ್ಲಿ ಅಮೆರಿಕಕ್ಕೆ ಹೋಗಿ ಮರಳುವ ಕೆನಡಾದವರ ಸಂಖ್ಯೆ 2025ರ ಮಾರ್ಚ್‌ನಲ್ಲಿ ಹಿಂದಿನ ವರ್ಷಕ್ಕಿಂತ ಶೇ. 32ರಷ್ಟು ಇಳಿಯಿತು. ನಮ್ಮಲ್ಲಿ ಅರ್ಧ ಕುಟುಂಬ ಇಲ್ಲಿ, ಅರ್ಧ ನ್ಯೂಜೆರ್ಸಿಯಲ್ಲೋ ಮಿಶಿಗನ್‌ನಲ್ಲೋ. ನಾನು ಪಾಲಿಸುವುದು ಇಷ್ಟು: ಹೆರಿಗೆ, ಮದುವೆ, ಸಾವು, ಕಾಯಿಲೆ ಎಂದರೆ ಎರಡನೇ ಯೋಚನೆ ಇಲ್ಲದೆ ಹೊರಡುವುದು. ಬಫೆಲೊದಲ್ಲಿ ಶಾಪಿಂಗ್, ಫ್ಲೋರಿಡಾದಲ್ಲಿ ರಜೆ, ಅಗ್ಗದ ಪೆಟ್ರೋಲಿಗಾಗಿ ಸೇತುವೆ ದಾಟುವುದು, ಇವೆಲ್ಲ ಬಂದ್. ತಂಗಿಯ ಊರು ಎಡಿಸನ್‌ಗೆ ಹೋಗುವಾಗ ಗಡಿಯ ಈಚೆಯ ಫೋರ್ಟ್ ಎರಿಯಲ್ಲಿ ಟ್ಯಾಂಕ್ ತುಂಬಿಸಿಕೊಳ್ಳುತ್ತೇವೆ, ಪುಳಿಯೋಗರೆ, ಚಪಾತಿ ಕಟ್ಟಿಕೊಳ್ಳುತ್ತೇವೆ, ತಂಗಿಯ ಮನೆಯಲ್ಲೇ ಉಳಿಯುತ್ತೇವೆ. ಬೇಸಿಗೆಯಲ್ಲಿ ಅವರನ್ನೇ ಇಲ್ಲಿಗೆ ಕರೆಯುತ್ತೇವೆ. ನಯಾಗರ ಈ ದಡದಿಂದ ನೋಡಿದರೇ ಚೆನ್ನ.

ತಂಗಿ ಒಮ್ಮೆ ನೇರವಾಗಿ ಕೇಳಿದಳು: "ನೀನು ಬಾದಾಮಿ ಬಿಟ್ಟರೆ ವಾಷಿಂಗ್ಟನ್‌ನಲ್ಲಿ ಕೂತವರಿಗೆ ಏನಾಗುತ್ತೆ ಅಕ್ಕ? ನಷ್ಟ ಆಗೋದು ಪಾಪದ ರೈತನಿಗೆ." ಇಂಥ ಪ್ರಶ್ನೆ ನಿಮಗೂ ಬರುತ್ತದೆ. ವಾದಕ್ಕಿಳಿಯದೆ, ಇಲ್ಲಿ ಆದದ್ದನ್ನು ಹೇಳಿ. ಬ್ರಾಂಪ್ಟನ್ ಕಾರ್ಖಾನೆಗೆ ಬರಬೇಕಿದ್ದ ಜೀಪ್ ಕಾಂಪಸ್ ಕಾರಿನ ತಯಾರಿಕೆಯನ್ನು ಅಮೆರಿಕದ ಇಲಿನಾಯ್‌ಗೆ ಒಯ್ಯುವುದಾಗಿ 2025ರ ಅಕ್ಟೋಬರ್‌ನಲ್ಲಿ ಕಂಪನಿ ಪ್ರಕಟಿಸಿತು. ಅದಕ್ಕಾಗಿ ಕಾದಿದ್ದ ಕೆಲಸಗಾರರು ಸುಮಾರು ಮೂರು ಸಾವಿರ. ಆ ಬ್ರಾಂಪ್ಟನ್ ನಮ್ಮ ಪಕ್ಕದ ಊರು, ನಮ್ಮ ಜನ ತುಂಬಿರುವ ಊರು. ಅಮೆರಿಕದ ರೈತ ತನ್ನ ಜನಪ್ರತಿನಿಧಿಗೆ ಒಂದು ಫೋನ್ ಮಾಡಿದರೆ ಅದು ವಾಷಿಂಗ್ಟನ್‌ಗೆ ಕೇಳಿಸುತ್ತದೆ, ನಾನು ಮಾಡಿದರೆ ಕೇಳಿಸುವುದಿಲ್ಲ. ಅವನು ಫೋನ್ ಎತ್ತುವ ಹಾಗೆ ಮಾಡಲು ನನ್ನ ಕೈಯಲ್ಲಿರುವುದು ದಿನಸಿ ಚೀಟಿ ಒಂದೇ. ಇದನ್ನೇ ಅವಳಿಗೂ ಹೇಳಿದೆ. ಅವಳು ಒಪ್ಪಲಿಲ್ಲ, ಆದರೆ ಆಮೇಲೆ ಬಂದಾಗ ಬಾದಾಮಿ ತರಲಿಲ್ಲ.

ಎಷ್ಟು ದಿನ?

ಒಂದೇ ವಾರದಲ್ಲಿ ಇಡೀ ಮನೆ ಬದಲಿಸಲು ಹೋದವರು ಬೇಸಿಗೆಯ ಹೊತ್ತಿಗೆ ಬಿಟ್ಟುಬಿಟ್ಟರು. ತಿಂಗಳಿಗೆ ನಾಲ್ಕೈದು ವಸ್ತು ಬದಲಿಸಿ, ಫ್ರಿಜ್ ಬಾಗಿಲಿನ ಮೇಲೆ ಬದಲಿಯ ಹೆಸರು ಬರೆದಿಡಿ. ಮುಂದಿನ ಸಲ ಯಾರು ಅಂಗಡಿಗೆ ಹೋದರೂ ಮತ್ತೆ ಲೇಬಲ್ ಓದುವ ಕೆಲಸ ಇರುವುದಿಲ್ಲ. ಪದೇ ಪದೇ ಕೊಳ್ಳುವ ಹಾಲು, ಬ್ರೆಡ್, ಎಣ್ಣೆ, ಸೋಪು, ತರಕಾರಿಯಿಂದ ಶುರು ಮಾಡಿ. ವರ್ಷಕ್ಕೊಮ್ಮೆ ಕೊಳ್ಳುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆನ್‌ಲೈನ್ ಚಂದಾಗಳನ್ನೂ ಒಮ್ಮೆ ತೆರೆದು ನೋಡಿ, ಯಾರೂ ನೋಡದ ಎರಡು ಮೂರು ಸಿಕ್ಕೇ ಸಿಗುತ್ತವೆ.

ಆ ಮುಕ್ತ ವ್ಯಾಪಾರ ಒಪ್ಪಂದದ ಪ್ರಕಾರ ಮೂರೂ ದೇಶಗಳ ಜಂಟಿ ಪರಿಶೀಲನೆಗೆ ಗೊತ್ತುಮಾಡಿದ ದಿನ 2026ರ ಜುಲೈ 1. ಸುಂಕ ಇಳಿದು, ಆ 51ರ ಮಾತು ನಿಂತು, ಅದು ಒಂದೆರಡು ವರ್ಷ ಹಾಗೇ ಉಳಿದರೆ ನಮ್ಮ ಮನೆಗೆ ಫ್ಲೋರಿಡಾ ಕಿತ್ತಳೆ ಮತ್ತೆ ಬರಬಹುದು. ಮಸೂರಿನ ಸಾರು, ಲೆಮಿಂಗ್ಟನ್ ಟೊಮ್ಯಾಟೊ, ನೀಲಿ ಹಸುವಿನ ತುಪ್ಪ ಮಾತ್ರ ಇನ್ನು ಬದಲಾಗುವುದಿಲ್ಲ.